ಎಲೆಗೆಷ್ಟು ಎಂದು ಕೇಳುವ ಮುನ್ನ



ಕ್ರಿಸ್ಮಸ್ ಹಬ್ಬದ ಗೋದಲಿಯನ್ನು ಎತ್ತಿರಿಸಿದ ದಿನದಿಂದ ವಿಭೂತಿ ಬುಧವಾರದವರೆಗೆ ನಮ್ಮ ಸೀಮೆಯ ಧರ್ಮಗುರುಗಳ ಮೇಜಿನ ಮೇಲೆ ಮದುವೆಯ ಕಾಗದಪತ್ರಗಳು ರಾಶಿ ಬೀಳುತ್ತವೆ. ಜ್ಞಾನಸ್ನಾನದ ಪ್ರಮಾಣಪತ್ರ, ವಿವಾಹ ಸಿದ್ಧತಾ ಶಿಬಿರದ ಪತ್ರ, ಇನ್ನೊಂದು ಧರ್ಮಕೇಂದ್ರದ ಗುರುಗಳ ಒಪ್ಪಿಗೆಯ ಓಲೆ, ಹೀಗೆ. ಇತ್ತೀಚಿನ ವರ್ಷಗಳಲ್ಲಿ ಇವುಗಳ ನಡುವೆ ಇನ್ನೊಂದು ಹಾಳೆ ಸೇರಿಕೊಂಡಿದೆ. ಅದು ಬಣ್ಣದಲ್ಲಿ ಮುದ್ರಿತವಾದದ್ದು, ನುಣುಪಾದದ್ದು. ಅದು ಊಟದ ಪಟ್ಟಿ.

ಅರಸೀಕೆರೆಯ ಕಡೆಯ ಒಬ್ಬ ತಂದೆ ನನ್ನ ಬಳಿಗೆ ಬಂದಾಗ ಮೊದಲು ಮೇಜಿನ ಮೇಲಿಟ್ಟದ್ದು ಆ ಹಾಳೆಯನ್ನೇ. “ಸ್ವಾಮಿ, ಮದುವೆಯ ದಿನವನ್ನು ಒಂದು ವಾರ ಮುಂದಕ್ಕೆ ಹಾಕಿಕೊಡಿ. ಕೇಟರಿಂಗ್‌ನವರು ಆ ದಿನ ಸಿಗುವುದಿಲ್ಲವಂತೆ” ಎಂದರು. ಸಂಸ್ಕಾರದ ದಿನವನ್ನು ಅಡುಗೆಯವರು ಗೊತ್ತುಮಾಡುವ ಕಾಲ ಬಂತಲ್ಲ ಎಂದು ಒಳಗೊಳಗೇ ನಕ್ಕೆ. ದಿನ ಬದಲಿಸಲು ಅಡ್ಡಿಯೇನೂ ಇರಲಿಲ್ಲ. ಆದರೆ ಅವರನ್ನು ಮೂರು ಪ್ರಶ್ನೆ ಕೇಳಿದೆ. ಈ ಅಡುಗೆಯವರು ಯಾವ ನೀರಿನಲ್ಲಿ ಬೇಯಿಸುತ್ತಾರೆ? ಮಾಂಸದ ಅಡುಗೆ ಎಷ್ಟು ಗಂಟೆಗೆ ಒಲೆಯಿಂದ ಇಳಿಯುತ್ತದೆ, ನೆಂಟರು ಎಷ್ಟು ಗಂಟೆಗೆ ಉಣ್ಣುತ್ತಾರೆ? ಬಡಿಸುವವರು ಯಾರು, ಅವರಿಗೆ ಕೂಲಿ ಎಷ್ಟು? ಮೂರಕ್ಕೂ ಅವರಲ್ಲಿ ಉತ್ತರವಿರಲಿಲ್ಲ. ಅವರಿಗೆ ತಿಳಿದಿದ್ದುದು ಇಷ್ಟೇ: ಇಪ್ಪತ್ತೆಂಟು ಬಗೆಯ ಪದಾರ್ಥ, ಎಲೆಗೆ ಇಷ್ಟು ರೂಪಾಯಿ, ಮುಂಗಡ ಕೊಟ್ಟಾಗಿದೆ. ಆ ಮುಂಗಡಕ್ಕಾಗಿ ತೆಂಗಿನ ತೋಟದ ಮೇಲೆ ಸಾಲ ಎತ್ತಿದ್ದಾರೆಂಬ ಸಂಗತಿ ಮಾತಿನ ಕೊನೆಯಲ್ಲಿ, ಬಾಗಿಲ ಬಳಿ ನಿಂತಾಗ, ಮೆಲ್ಲನೆ ಹೊರಬಿತ್ತು.

ಮದುವೆಯ ಅಡುಗೆಯವರನ್ನು ಆರಿಸುವುದು ಮನೆಯವರ ಖಾಸಗಿ ವಿಚಾರ, ಅದರಲ್ಲಿ ಗುರುಗಳಿಗೇನು ಕೆಲಸ ಎಂದು ಕೆಲವರು ಕೇಳಬಹುದು. ರುಚಿಯ ಮಾತಾಗಿದ್ದರೆ ನನಗೆ ಕೆಲಸವಿಲ್ಲ ನಿಜ. ಆದರೆ ಐನೂರು ಜನರ ಆರೋಗ್ಯ, ಹತ್ತಾರು ಕೂಲಿಯವರ ದಿನದ ದುಡಿಮೆ, ಹೊಸದಾಗಿ ಕಣ್ಣು ಬಿಡುತ್ತಿರುವ ಒಂದು ಸಂಸಾರದ ತಲೆಯ ಮೇಲಿನ ಸಾಲ, ಇವು ಮೂರೂ ಆ ಒಂದು ಆಯ್ಕೆಯಲ್ಲಿ ಅಡಗಿವೆ. ಆದ್ದರಿಂದ ಇದು ರುಚಿಯ ಪ್ರಶ್ನೆಯಾಗುವುದಕ್ಕೆ ಮೊದಲು ನ್ಯಾಯದ ಪ್ರಶ್ನೆ. ಪಟ್ಟಿಯನ್ನು ನೋಡಿ ಅಡುಗೆಯವರನ್ನು ಗೊತ್ತುಮಾಡಬೇಡಿ, ಒಲೆಯ ಬದಿಯನ್ನು ನೋಡಿ ಗೊತ್ತುಮಾಡಿ ಎಂಬುದೇ ಈ ವಾರ ನಾನು ಹೇಳಬೇಕೆಂದಿರುವ ಮಾತು.

ಹಿಂದೆ ಹೀಗಿರಲಿಲ್ಲ ಎಂದು ಹಿರಿಯರು ಹಲುಬುತ್ತಾರೆ. ಬೇಲೂರು, ಹಳೇಬೀಡುಗಳ ಸುತ್ತಿನ ಹಳ್ಳಿಗಳಲ್ಲಿ ಮದುವೆಯ ಹಿಂದಿನ ರಾತ್ರಿ ನೆರೆಹೊರೆಯವರೆಲ್ಲ ಚಪ್ಪರದಡಿ ಕೂತು ಈರುಳ್ಳಿ ಹೆಚ್ಚುತ್ತಿದ್ದರು, ತೆಂಗಿನಕಾಯಿ ತುರಿಯುತ್ತಿದ್ದರು. ಮನೆಮನೆಯಿಂದ ಪಾತ್ರೆಗಳು ಬರುತ್ತಿದ್ದವು. ಊರಿಗೆಲ್ಲ ಗೊತ್ತಿದ್ದ ಒಬ್ಬ ಬಾಣಸಿಗ ಸೌಟು ಹಿಡಿಯುತ್ತಿದ್ದ. ಆ ಕಾಲವನ್ನು ನಾನೂ ಕಂಡಿದ್ದೇನೆ. ಆದರೆ ಅದನ್ನು ಬಂಗಾರದ ಕಾಲವೆಂದು ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ಮಗಳ ಮದುವೆಯ ದಿನ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತು, ಬಲಿಪೂಜೆಯನ್ನೂ ಕಾಣದೆ ಉಳಿದ ತಾಯಂದಿರು ಎಷ್ಟು ಮಂದಿಯೋ! ಇಂದು ಮಕ್ಕಳು ಬೆಂಗಳೂರಿನಲ್ಲಿ, ಗಲ್ಫ್ ದೇಶಗಳಲ್ಲಿ ದುಡಿಯುತ್ತಿದ್ದಾರೆ. ಮದುವೆಗೆ ಎರಡು ದಿನ ಮೊದಲು ಬಂದಿಳಿಯುತ್ತಾರೆ. ಅಡುಗೆಯ ಹೊಣೆಯನ್ನು ಕಸುಬು ಬಲ್ಲವರಿಗೆ ಒಪ್ಪಿಸುವುದು ತಪ್ಪಲ್ಲ, ಅಗತ್ಯವೇ ಆಗಿದೆ. ಒಂದೇ ವ್ಯತ್ಯಾಸವನ್ನು ನಾವು ಮರೆತಿದ್ದೇವೆ. ಅಂದಿನ ಬಾಣಸಿಗನ ಕೈ ನಮಗೆ ಗೊತ್ತಿತ್ತು. ಇಂದಿನವರ ಹೆಸರುಪಟ್ಟಿ ಮಾತ್ರ ಗೊತ್ತು. ತಾನಾಗಿ ದೊರಕುತ್ತಿದ್ದ ತಿಳಿವಳಿಕೆಯನ್ನು ಈಗ ಕೇಳಿ ಪಡೆಯಬೇಕಾಗಿದೆ.

ಸಂತ ಯೊವಾನ್ನರ ಶುಭಸಂದೇಶದಲ್ಲಿ ಬರುವ ಕಾನಾ ಊರಿನ ಮದುವೆಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ದ್ರಾಕ್ಷಾರಸ ಮುಗಿಯಿತು, ಮಾತೆ ಮರಿಯಮ್ಮನವರು ಅದನ್ನು ಗಮನಿಸಿದರು, ಆರು ಕಲ್ಲಿನ ಬಾನಿಗಳಲ್ಲಿ ನೀರು ತುಂಬಿಸಲಾಯಿತು. ಇಂದಿನ ಅಳತೆಯಲ್ಲಿ ಅದು ಸುಮಾರು ಐನೂರರಿಂದ ಏಳುನೂರು ಲೀಟರ್ ನೀರು. ಆ ಪ್ರಸಂಗದಲ್ಲಿ ನಾವು ಅವಸರದಲ್ಲಿ ದಾಟಿಬಿಡುವ ಒಂದು ಸಣ್ಣ ಮಾತಿದೆ. ಔತಣದ ಮೇಲ್ವಿಚಾರಕನಿಗೆ ಆ ರಸ ಎಲ್ಲಿಂದ ಬಂತೆಂದು ತಿಳಿಯಲಿಲ್ಲ, ನೀರು ತೋಡಿದ ಸೇವಕರಿಗೆ ಮಾತ್ರ ತಿಳಿದಿತ್ತು. ಮೇಲಿನವರು ರುಚಿ ನೋಡಿ ಹೊಗಳಿದರು. ನಿಜ ತಿಳಿದಿದ್ದದ್ದು ಬಾನಿ ಹೊತ್ತವರಿಗೆ. ಎಲ್ಲ ಕಾಲದ ಎಲ್ಲ ಔತಣಗಳಿಗೂ ಈ ಮಾತು ಒಪ್ಪುತ್ತದೆ. ಊಟದ ಸತ್ಯ ಮುಂದಿನ ವೇದಿಕೆಯಲ್ಲಿ ಇರುವುದಿಲ್ಲ, ಹಿಂದಿನ ಒಲೆಯ ಬಳಿ ಇರುತ್ತದೆ.

ಹಾಗಾದರೆ ಒಲೆಯ ಬಳಿ ಹೋಗಿ ಏನನ್ನು ನೋಡಬೇಕು?

ಮೊದಲನೆಯದು ನೀರು. ನಮ್ಮ ಊರುಗಳ ಹೆಸರಿನಲ್ಲೇ ನೀರಿದೆ. ಅರಸಿಯ ಹೆಸರಿನ ಕೆರೆಯೇ ಅರಸೀಕೆರೆ. ಹಳೇಬೀಡು ಒಂದು ಕಾಲದ ದ್ವಾರಸಮುದ್ರ. ಬೇಲೂರಿನ ಮಗ್ಗುಲಲ್ಲಿ ಯಗಚಿ ಹರಿಯುತ್ತದೆ. ಆದರೂ ಬಯಲುಸೀಮೆಯ ಅಂಚಿನಲ್ಲಿರುವ ಅರಸೀಕೆರೆಯಲ್ಲಿ ಬೇಸಗೆಯ ಮದುವೆಗೆ ನೀರು ಬರುವುದು ಬಹುಪಾಲು ಕೊಳವೆಬಾವಿಯಿಂದ ಇಲ್ಲವೇ ಟ್ಯಾಂಕರಿನಿಂದ. ಟ್ಯಾಂಕರು ಎಲ್ಲಿ ತುಂಬಿಕೊಂಡಿತು, ಒಳಗೆ ಯಾವಾಗ ತೊಳೆದದ್ದು ಎಂದು ಯಾರೂ ಕೇಳುವುದಿಲ್ಲ. ನೆಂಟರ ಕೈಗೆ ಮೊಹರು ಹಾಕಿದ ಬಾಟಲಿಯ ನೀರು ಕೊಡುತ್ತೇವೆ. ಮೊಸರು ಬಜ್ಜಿಗೆ ಹೆಚ್ಚುವ ಸೌತೆಕಾಯಿಯನ್ನೂ ಎಲೆಗಳನ್ನೂ ತೊಳೆಯುವುದು ಮಾತ್ರ ಆ ಡ್ರಮ್ಮಿನ ನೀರಿನಲ್ಲಿ. ಬೇಯಿಸಿದ್ದಕ್ಕೆ ಬೆಂಕಿಯ ರಕ್ಷಣೆಯಿದೆ, ಹಸಿಯಾಗಿ ಬಡಿಸುವುದಕ್ಕೆ ಏನಿದೆ? ಕುಡಿಯುವ ನೀರಿನಲ್ಲೇ ಹಸಿ ಪದಾರ್ಥ ತೊಳೆಯಬೇಕು ಎಂದು ಮೊದಲೇ ಹೇಳಿ. ಅದಕ್ಕೆ ಒಪ್ಪದ ಅಡುಗೆಯವರು ಎಷ್ಟು ಬಗೆ ಮಾಡಿದರೇನು?

ಎರಡನೆಯದು ಹೊತ್ತು. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ತಪ್ಪಿನಿಂದ ಕಲಿತೆ. ಕೆಲವು ವರ್ಷಗಳ ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಒಂದು ಕಡೆ ಮದುವೆ. ಬೆಳಿಗ್ಗೆ ಹತ್ತೂವರೆಗೆ ಬಲಿಪೂಜೆ ಎಂದು ಓಲೆಯಲ್ಲಿತ್ತು. ಅಲಂಕರಿಸಿದ ಕಾರು ಬಂದಾಗ ಹನ್ನೊಂದೂ ಕಾಲು. ನನ್ನ ಪ್ರಬೋಧನೆಯೂ ಅಂದು ಉದ್ದವೇ ಆಯಿತು. ಬಳಿಕ ಛಾಯಾಚಿತ್ರಗಳು, ವೇದಿಕೆ, ಕೇಕು, ಹಾರೈಕೆಯ ಭಾಷಣಗಳು, ಉಡುಗೊರೆ ಕೊಡುವವರ ಸಾಲು. ಮೊದಲ ಪಂಕ್ತಿ ಕೂರುವಾಗ ಮೂರು ಗಂಟೆ. ಮಾಂಸದ ಅಡುಗೆ ಒಲೆಯಿಂದ ಇಳಿದದ್ದು ಬೆಳಿಗ್ಗೆ ಎಂಟಕ್ಕೆ. ಅಂದು ರಾತ್ರಿ ಹಲವು ಮನೆಗಳಲ್ಲಿ ವಾಂತಿ ಭೇದಿ. ಮದುಮಗಳ ಅಜ್ಜಿಯವರು ಮೂರು ದಿನ ಆಸ್ಪತ್ರೆಯಲ್ಲಿ ಬಾಟಲಿ ಏರಿಸಿಕೊಂಡು ಮಲಗಿದರು. ಊರೆಲ್ಲ ಅಡುಗೆಯವರನ್ನು ಶಪಿಸಿತು. ಅವರ ತಪ್ಪು ಇತ್ತು. ಆದರೆ ಅವರು ಹನ್ನೆರಡೂವರೆಯ ಊಟಕ್ಕೆಂದು ಬೇಯಿಸಿದ್ದರು. ಮೂರು ಗಂಟೆ ಮಾಡಿದವರು ನಾವು. ಆ ನಾವು ಎಂಬುದರಲ್ಲಿ ನಾನೂ ಇದ್ದೇನೆ.

ಇದರ ಒಳಗಿನ ಕಾರಣವನ್ನು ಗೃಹಿಣಿಯರು ತಿಳಿದಿರುವುದು ಒಳ್ಳೆಯದು. ಕುದಿಸಿದರೂ ಸಾಯದೆ ಉಳಿಯುವ ಸೂಕ್ಷ್ಮಾಣುಗಳ ಬೀಜಾಣುಗಳು ಅಕ್ಕಿಯಲ್ಲೂ ಮಾಂಸದಲ್ಲೂ ಇರುತ್ತವೆ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, 60 ಡಿಗ್ರಿಗಿಂತ ಕೆಳಗೆ ಇರುವ ಶಾಖ ಅವು ಬೆಳೆಯಲು ಅನುಕೂಲ. ದೊಡ್ಡ ಕೊಪ್ಪರಿಗೆಯಲ್ಲಿ ಮುಚ್ಚಿಟ್ಟ ಪಲಾವು, ಸಾರುಗಳು ಗಂಟೆಗಟ್ಟಲೆ ಅದೇ ಉಗುರುಬೆಚ್ಚಗಿನ ಸ್ಥಿತಿಯಲ್ಲಿರುತ್ತವೆ. ಕೆಲವು ಸೂಕ್ಷ್ಮಾಣುಗಳು ಬಿಟ್ಟ ವಿಷ ಮತ್ತೆ ಕಾಯಿಸಿದರೂ ನಾಶವಾಗುವುದಿಲ್ಲ. ಆದ್ದರಿಂದ ಬಿಸಿಯಾದದ್ದನ್ನು ಹಬೆಯಾಡುವಂತೆ ಬಿಸಿಯಾಗಿಯೇ ಇಡಬೇಕು, ಇಲ್ಲವೇ ಎರಡು ಗಂಟೆಯೊಳಗೆ ಉಣ್ಣಬೇಕು. ಮೂರನೆಯ ದಾರಿಯಿಲ್ಲ. ಅಡುಗೆಯವರನ್ನು ಗೊತ್ತುಮಾಡುವಾಗ “ಐನೂರು ಜನರ ಅಡುಗೆಯನ್ನು ಒಮ್ಮೆಲೇ ಇಳಿಸುತ್ತೀರಾ, ಪಂಕ್ತಿಗೆ ತಕ್ಕಂತೆ ಎರಡು ಮೂರು ಸಲ ಬೇಯಿಸುತ್ತೀರಾ?” ಎಂದು ಕೇಳಿ. ಕಸುಬು ಬಲ್ಲವರು ಈ ಪ್ರಶ್ನೆಗೆ ಸಂತೋಷಪಡುತ್ತಾರೆ. ಅಡುಗೆಯವರಿಗೆ ಊಟದ ಹೊತ್ತು ಹೇಳಿದ ಮೇಲೆ ಛಾಯಾಗ್ರಾಹಕರಿಗೂ ಅದೇ ಹೊತ್ತನ್ನು ಹೇಳಿ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ, ಮಕ್ಕಳಿಗೆ ಮೊದಲ ಪಂಕ್ತಿ ಮೀಸಲಿಡಿ. ಮದುಮಕ್ಕಳ ಚಿತ್ರ ಆಮೇಲೆಯೂ ತೆಗೆಯಬಹುದು.

ಮೂರನೆಯದು ಕೈಗಳು. ಬಿಳಿ ಅಂಗಿ, ಕೆಂಪು ಟೊಪ್ಪಿಗೆ ತೊಟ್ಟು ಬಡಿಸುವ ಹುಡುಗರ ಮುಖವನ್ನು ನಾವು ನೋಡುವುದೇ ಇಲ್ಲ. ಅವರಲ್ಲಿ ಕಾಲೇಜಿನ ಶುಲ್ಕಕ್ಕೆ ದುಡಿಯುವವರಿದ್ದಾರೆ. ಅವರ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಎಂಜಲೆಲೆ ಎತ್ತುತ್ತಿರುವ ಹುಡುಗ ಏಳನೆಯ ತರಗತಿಯವನಾಗಿದ್ದರೆ? 14 ವರ್ಷದೊಳಗಿನ ಮಕ್ಕಳನ್ನು ಇಂಥ ಕೆಲಸಕ್ಕೆ ಹಚ್ಚುವುದನ್ನು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾನೂನು ನಿಷೇಧಿಸಿದೆ. ಪಾತ್ರೆ ಉಜ್ಜುವ ಹೆಂಗಸರಿಗೆ ಆ ದಿನವೇ ಕೂಲಿ ಕೈಸೇರುತ್ತದೆಯೇ? ಕೆಲಸದವರೆಲ್ಲರೂ ಉಣ್ಣುವುದು ಯಾವಾಗ, ಏನನ್ನು? ನಡುರಾತ್ರಿ ಮೂರಕ್ಕೆ ಒಲೆ ಹಚ್ಚಿದವರು ಸಂಜೆ ನಾಲ್ಕಕ್ಕೆ ತಳ ಹಿಡಿದ ಅನ್ನವನ್ನು ಕೆರೆದುಕೊಂಡು ಉಣ್ಣುವಂತಾದರೆ ನಮ್ಮ ಔತಣಕ್ಕೆ ಆಶೀರ್ವಾದ ಎಲ್ಲಿಂದ ಬರಬೇಕು? ಕೊರಿಂಥದ ಸಭೆಯಲ್ಲಿ ಕೆಲವರು ಹೊಟ್ಟೆ ತುಂಬ ಉಂಡು ಕೆಲವರು ಹಸಿದಿದ್ದುದನ್ನು ಕಂಡು ಸಂತ ಪೌಲರು ಎಷ್ಟು ಕಟುವಾಗಿ ಬರೆದರೆಂಬುದು ನಮಗೆ ಗೊತ್ತಿದೆ. ಎಲೆಗೆ ಐದೋ ಹತ್ತೋ ರೂಪಾಯಿ ಕಡಿಮೆ ಮಾಡಿಸಿಕೊಂಡೆವೆಂದು ನಾವು ಹೆಮ್ಮೆಪಡುವಾಗ ಆ ಹಣ ಯಾರ ಕೂಲಿಯಿಂದ ಕಳೆದುಹೋಯಿತೆಂದು ಒಮ್ಮೆ ಯೋಚಿಸಬೇಕು.

ಕಾಗದದ ಮಾತನ್ನು ಬೇಗ ಮುಗಿಸುತ್ತೇನೆ. 2006ರ ಆಹಾರ ಸುರಕ್ಷತೆ ಕಾಯಿದೆಯ ಪ್ರಕಾರ ಕೇಟರಿಂಗ್ ನಡೆಸುವವರು ನೋಂದಣಿ ಅಥವಾ ಪರವಾನಗಿ ಪಡೆದಿರಬೇಕು. ಅದಕ್ಕೆ 14 ಅಂಕಿಗಳ ಸಂಖ್ಯೆ ಇರುತ್ತದೆ. ಅದನ್ನು ಕೇಳುವುದು ಅವಮಾನವಲ್ಲ. ಅಡುಗೆಗೆ ಮನೆಬಳಕೆಯ ಸಿಲಿಂಡರ್ ತರುತ್ತಾರೋ, 19 ಕಿಲೋದ ವಾಣಿಜ್ಯ ಸಿಲಿಂಡರ್ ತರುತ್ತಾರೋ ವಿಚಾರಿಸಿ. ಎಷ್ಟು ಎಲೆಗೆ ಒಪ್ಪಂದ, ಹೆಚ್ಚಾದರೆ ಎಷ್ಟು, ಕಡಿಮೆಯಾದರೆ ಏನು, ಎಲೆ ಎಣಿಸುವವರು ಯಾರು, ಬಾಕಿ ಹಣ ಯಾವಾಗ, ಕಸ ಸಾಗಿಸುವವರು ಯಾರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಮದುವೆಯ ಸಂಜೆ ಎಲೆಯ ಲೆಕ್ಕದಲ್ಲಿ ಜಗಳವಾಗಿ, ನಗುನಗುತ ಮುಗಿಯಬೇಕಾದ ದಿನ ಕಣ್ಣೀರಿನಲ್ಲಿ ಮುಗಿದದ್ದನ್ನು ನಾನು ಕಂಡಿದ್ದೇನೆ.

ಇಲ್ಲಿ ಅಡುಗೆಯವರ ಪರವಾಗಿಯೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. ನಾಲ್ಕು ದಶಕ ಸೌಟು ಹಿಡಿದ ಹಿರಿಯರೊಬ್ಬರು ನನಗೆ ಹೇಳಿದ್ದು ಇದು: “ಸ್ವಾಮಿ, ಮದುವೆಗೆ ಮೊದಲು ನಮ್ಮ ಮನೆಗೆ ಹತ್ತು ಸಲ ಬರುತ್ತಾರೆ. ಮದುವೆ ಮುಗಿದ ಮೇಲೆ ಬಾಕಿಗಾಗಿ ನಾವು ಅವರ ಮನೆಗೆ ಇಪ್ಪತ್ತು ಸಲ ಹೋಗಬೇಕು.” ನಾನೂರು ಎಲೆ ಎಂದು ಹೇಳಿ ಏಳುನೂರು ಜನರನ್ನು ಕರೆಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಅಡುಗೆ ಸಾಲದೆ ಹೋದರೆ ಬೈಗುಳ ತಿನ್ನುವವರು ಮಾತ್ರ ಅಡುಗೆಯವರು. ಓಲೆ ಹಂಚುವಾಗಲೇ ಮನೆಗೆ ಎಷ್ಟು ಜನ ಬರುವರೆಂದು ಸಂಕೋಚವಿಲ್ಲದೆ ಕೇಳಿ ಬರೆದುಕೊಳ್ಳುವ ರೂಢಿ ಬಂದರೆ ಇಬ್ಬರಿಗೂ ಹಿತ.

ನಾಲ್ಕನೆಯದು ನೆರೆಯವರು. ನಮ್ಮ ಮದುವೆಗೆ ಬರುವವರು ಕ್ರೈಸ್ತರು ಮಾತ್ರವಲ್ಲ. ಲಿಂಗಾಯತ ನೆರೆಮನೆಯವರು, ಶಾಲೆಯ ಬ್ರಾಹ್ಮಣ ಉಪಾಧ್ಯಾಯರು, ಸಂತೆಯ ಮುಸ್ಲಿಂ ವರ್ತಕರು ಬರುತ್ತಾರೆ. ವೇದಿಕೆಯ ಮೇಲೆ ಹಾರೈಸುತ್ತಾರೆ. ಆಮೇಲೆ “ಮನೆಯಲ್ಲಿ ಸ್ವಲ್ಪ ಕೆಲಸವಿದೆ” ಎಂದು ಹೊರಟುಬಿಡುತ್ತಾರೆ. ಅವರು ಏಕೆ ಉಣ್ಣದೆ ಹೋದರೆಂದು ನಾವು ವಿಚಾರಿಸುವುದಿಲ್ಲ. ಹಂದಿ ಮಾಂಸದ ಪಾತ್ರೆಯ ಪಕ್ಕದಲ್ಲೇ ಅದೇ ಸೌಟಿನಿಂದ ಬಡಿಸುವ ಪಲ್ಯವನ್ನು ಅವರು ಹೇಗೆ ಉಂಡಾರು? ಸಸ್ಯಾಹಾರಕ್ಕೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಬಡಿಸುವವರು, ಸಾಧ್ಯವಾದರೆ ಬೇರೆ ಭಟ್ಟರು. ಹಂದಿ ಮಾಂಸವಿದ್ದರೆ ಅದಕ್ಕೊಂದು ದೂರದ ಮೇಜು. ಕೋಳಿ ಕುರಿ ಹಲಾಲ್ ಮಾಡಿದ್ದೆಂಬ ಖಚಿತ ಮಾತು. ಇವಕ್ಕೆ ಹೆಚ್ಚಿನ ಖರ್ಚಿಲ್ಲ, ಬೇಕಾದದ್ದು ನೆನಪು. ಇಪ್ಪತ್ತೆಂಟು ಬಗೆಗಳಿಗಿಂತ ಈ ಒಂದು ನೆನಪು ದೊಡ್ಡ ಔತಣ.

ಐದನೆಯದು ಉಳಿಕೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಧ್ಯಾಪಕರು ನಗರದ 75 ಕಲ್ಯಾಣ ಮಂಟಪಗಳನ್ನು ಪರಿಶೀಲಿಸಿ 2012ರಲ್ಲಿ ಹೊರತಂದ ಲೆಕ್ಕದಂತೆ ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಊಟ ವ್ಯರ್ಥವಾಗುತ್ತಿತ್ತು. ಇಡೀ ಲೋಕದಲ್ಲಿ 2022ರಲ್ಲಿ 105 ಕೋಟಿ ಟನ್ ಆಹಾರ ಹಾಳಾಯಿತೆಂದು ವಿಶ್ವಸಂಸ್ಥೆಯ ಪರಿಸರ ವಿಭಾಗದ ವರದಿ ಹೇಳುತ್ತದೆ. ನಮ್ಮ ಸಣ್ಣ ಊರುಗಳ ಲೆಕ್ಕವನ್ನು ಬರೆದಿಡಲು ಯಾರೂ ಬೇಕಾಗಿಲ್ಲ. ಮದುವೆಯ ಮರುದಿನ ಮಂಟಪದ ಹಿಂದಿನ ಹಳ್ಳವೇ ಹೇಳುತ್ತದೆ. ಬಗೆಗಳು ಹೆಚ್ಚಿದಷ್ಟೂ ಎಲೆಯಲ್ಲಿ ಬಿಡುವುದು ಹೆಚ್ಚುತ್ತದೆ, ಏಕೆಂದರೆ ಹೊಟ್ಟೆ ಒಂದೇ. ಹಸಿದ ಜನರಿಗೆ ಉಣಿಸಿದ ಬಳಿಕ ಉಳಿದ ತುಣುಕುಗಳನ್ನೂ ಕೂಡಿಸಿರೆಂದು ಯೇಸುಸ್ವಾಮಿ ಶಿಷ್ಯರಿಗೆ ಹೇಳಿದರು. ಚೆಲ್ಲಿದ ಊಟ ಬಡವರ ಮೇಜಿನಿಂದ ಕದ್ದ ಊಟವಿದ್ದಂತೆ ಎಂದು ದಿವಂಗತ ಪೋಪ್ ಫ್ರಾನ್ಸಿಸರು 2013ರ ಜೂನ್ ತಿಂಗಳಲ್ಲಿ ಎಚ್ಚರಿಸಿದ್ದರು. 1965ರಲ್ಲಿ ದೇಶಕ್ಕೆ ಧಾನ್ಯದ ಕೊರತೆ ಬಂದಾಗ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ಕೇಳಿಕೊಂಡದ್ದನ್ನು ನಮ್ಮ ಹಿರಿಯರು ಇನ್ನೂ ಮರೆತಿಲ್ಲ. ಬಡಿಸದೆ ಉಳಿದ ಅಡುಗೆ ಹಬೆಯಾಡುತ್ತಿರುವಾಗಲೇ ಯಾವ ಅನಾಥಾಲಯಕ್ಕೆ, ಯಾವ ಹಾಸ್ಟೆಲಿಗೆ ಹೋಗಬೇಕೆಂದು ಮದುವೆಗೆ ಮೊದಲೇ ನಿಶ್ಚಯಿಸಿ, ಅಲ್ಲಿಯವರಿಗೆ ತಿಳಿಸಿಡಿ. ಸಂಜೆ ಐದಕ್ಕೆ ನೆನಪಾಗಿ ಕಳಿಸುವುದು ದಾನವಲ್ಲ. ನಾವು ಉಣ್ಣಲು ಹೆದರುವುದನ್ನು ಬಡವರಿಗೆ ದಾಟಿಸುವುದು.

ಇಷ್ಟೆಲ್ಲ ಒಪ್ಪಿದರೂ ಕೊನೆಗೆ ಒಂದು ಮಾತು ನಮ್ಮನ್ನು ತಡೆಯುತ್ತದೆ: “ಜನ ಏನೆಂದಾರು?” ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಅರಿಸ್ಟಾಟಲನ ನೀತಿಶಾಸ್ತ್ರದ ನಾಲ್ಕನೆಯ ಭಾಗ ನನಗೆ ಒಣ ವಿಷಯವಾಗಿ ಕಂಡಿತ್ತು. ಮದುವೆಮನೆಗಳನ್ನು ಕಂಡ ಮೇಲೆ ಅದರ ಅರ್ಥ ಹೊಳೆಯಿತು. ದೊಡ್ಡ ಖರ್ಚನ್ನು ಮಾಡುವುದರಲ್ಲೂ ಒಂದು ಸದ್ಗುಣವಿದೆ, ಸಂದರ್ಭಕ್ಕೂ ತನ್ನ ಶಕ್ತಿಗೂ ತಕ್ಕಂತೆ ಮಾಡುವುದೇ ಆ ಗುಣ ಎನ್ನುತ್ತಾನೆ ಅವನು. ಅದರ ಒಂದು ಬದಿಯಲ್ಲಿ ಆಡಂಬರದವನು ನಿಂತಿದ್ದಾನೆ. ಗೆಳೆಯರ ಸಾಮಾನ್ಯ ಕೂಟಕ್ಕೂ ಮದುವೆಯ ಔತಣದ ವೈಭವ ಮಾಡುವವನು ಎಂದು ಅವನನ್ನು ಬಣ್ಣಿಸಲಾಗಿದೆ. ಅವನು ಕಡಿಮೆ ಖರ್ಚು ಮಾಡಬೇಕಾದಲ್ಲಿ ಹೆಚ್ಚು, ಹೆಚ್ಚು ಮಾಡಬೇಕಾದಲ್ಲಿ ಕಡಿಮೆ ಖರ್ಚು ಮಾಡುತ್ತಾನೆ. ಇನ್ನೊಂದು ಬದಿಯ ಜಿಪುಣ ಬಹಳ ಹಣ ಸುರಿದ ಮೇಲೂ ಒಂದು ಚಿಕ್ಕ ಉಳಿತಾಯಕ್ಕಾಗಿ ಎಲ್ಲವನ್ನೂ ಕೆಡಿಸುತ್ತಾನೆ. ನಮ್ಮ ಮದುವೆಗಳಲ್ಲಿ ಈ ಇಬ್ಬರೂ ಒಬ್ಬನೇ ಮನುಷ್ಯನೊಳಗೆ ಸೇರಿಕೊಂಡಿರುವುದು ವಿಚಿತ್ರ! ನಾಲ್ಕು ಬಗೆ ಸಿಹಿಗೆ, ಮೂರು ಬಗೆ ಐಸ್‌ಕ್ರೀಮಿಗೆ ಕೈ ಬಿಚ್ಚುತ್ತೇವೆ. ಒಳ್ಳೆಯ ನೀರಿಗೆ, ಪಾತ್ರೆ ಉಜ್ಜುವವಳ ಕೂಲಿಗೆ ಕೈ ಬಿಗಿಯುತ್ತೇವೆ.

ಬೇಲೂರಿಗೆ ನೆರೆಯ ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ ಮದುವೆ 1966ರಲ್ಲಿ ಕುಪ್ಪಳಿಯಲ್ಲಿ ಮಂತ್ರಮಾಂಗಲ್ಯದ ಸರಳ ಪದ್ಧತಿಯಲ್ಲಿ ನಡೆಯಿತು. ಅವರ ತಂದೆ ಕುವೆಂಪು ಅವರಿಗೆ ಜನ ಏನೆಂದಾರು ಎಂಬ ಭಯವಿರಲಿಲ್ಲ. ಜನ ಆಡಿದ್ದು ಗಾಳಿಗೆ ಹೋಯಿತು. ಅವರು ಮಾಡಿದ್ದು ನಾಡಿಗೆ ಮಾದರಿಯಾಯಿತು. ನಮ್ಮ ಸಂಸ್ಕಾರದ ವಿಧಿ ಬೇರೆ. ಆ ಧೈರ್ಯ ಮಾತ್ರ ನಮಗೂ ಬೇಕಾದದ್ದು. ಪೋಪ್ ಫ್ರಾನ್ಸಿಸರು ಕುಟುಂಬ ಜೀವನವನ್ನು ಕುರಿತು 2016ರಲ್ಲಿ ಬರೆದ ಪ್ರಬೋಧನ ಪತ್ರದಲ್ಲಿ, ಆಮಂತ್ರಣ ಉಡುಪು ಔತಣಗಳ ಚಿಂತೆಯಲ್ಲಿ ಹಣವಷ್ಟೇ ಅಲ್ಲ, ಶಕ್ತಿಯೂ ಸಂತೋಷವೂ ಬತ್ತಿಹೋಗಿ ಮದುಮಕ್ಕಳು ಬಲಿಪೀಠದ ಮುಂದೆ ದಣಿದು ನಿಲ್ಲುತ್ತಾರೆಂದು ಮರುಗಿದ್ದಾರೆ. ಅವರು ನಮ್ಮ ಊರಿನ ಮದುವೆಯನ್ನೇ ನೋಡಿ ಬರೆದಂತಿದೆ.

ಹಾಗೆಂದು ಔತಣವೇ ಬೇಡ ಎನ್ನುವವನು ನಾನಲ್ಲ. ಕಾನಾದಲ್ಲಿ ಪ್ರಭುವು ಔತಣವನ್ನು ನಿಲ್ಲಿಸಲಿಲ್ಲ, ಪೂರ್ತಿಗೊಳಿಸಿದರು. ಬೇಲೂರಿನ ಕಡೆಯ ಕೊಂಕಣಿ ಕುಟುಂಬಗಳ ರೋಸಿನ ಸಂಜೆ, ಕನ್ನಡ ಮನೆಗಳ ಚಪ್ಪರದ ಊಟ, ಬಿಸಿ ಮುದ್ದೆ ಕೋಳಿ ಸಾರು, ಸನ್ನ, ಅಕ್ಕಿ ರೊಟ್ಟಿ ಎಲ್ಲವೂ ಉಳಿಯಲಿ. ಒಂದು ಉಪಾಯವನ್ನೂ ಸೂಚಿಸುತ್ತೇನೆ. ನಮ್ಮಲ್ಲಿ ಆಗಮನಕಾಲ, ತಪಸ್ಸುಕಾಲಗಳಲ್ಲಿ ಮದುವೆಗಳು ವಿರಳ. ಪಾಸ್ಖ ಹಬ್ಬದ ನಂತರದ ಏಪ್ರಿಲ್, ಮೇ ತಿಂಗಳಲ್ಲಿ ಹಿಂದೂ ಬಾಂಧವರ ಲಗ್ನಗಳೂ ನಮ್ಮ ಮದುವೆಗಳೂ ಒಟ್ಟಿಗೆ ಬಂದು, ಒಬ್ಬರೇ ಅಡುಗೆಯವರು ಒಂದೇ ದಿನ ಮೂರು ಕಡೆ ಒಪ್ಪಿಕೊಂಡು ಎಲ್ಲೆಡೆ ಕೆಡಿಸುತ್ತಾರೆ. ಆದರೆ ಕ್ರಿಸ್ಮಸ್ಸಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸವಾದ್ದರಿಂದ ಹಿಂದೂ ಮನೆಗಳಲ್ಲಿ ಲಗ್ನವಿಲ್ಲ. ಅಡುಗೆಯವರೂ ಮಂಟಪಗಳೂ ಬಿಡುವಾಗಿರುತ್ತವೆ. ಹವೆಯೂ ತಂಪು, ಅಡುಗೆ ಬೇಗ ಕೆಡದು. ಕಾಫಿ ಕೊಯ್ಲಿನ ಮನೆಗಳಿಗೆ ಮಾತ್ರ ಆ ಹೊತ್ತು ಕಷ್ಟ. ಉಳಿದವರು ಯೋಚಿಸಿ. ಹಾಗೆಯೇ ಪ್ರತಿ ಧರ್ಮಕೇಂದ್ರವೂ ದೊಡ್ಡ ಪಾತ್ರೆಗಳ ಒಂದು ಜೊತೆ, ಶುದ್ಧ ನೀರಿನ ತೊಟ್ಟಿ, ಸ್ಟೀಲ್ ತಟ್ಟೆ ಲೋಟಗಳನ್ನು ಕೂಡಿಟ್ಟರೆ ಬಡ ಮನೆಯ ಮದುವೆಗೆ ಎಷ್ಟೋ ಆಸರೆ. ನಮ್ಮ ಸ್ತ್ರೀಶಕ್ತಿ ಗುಂಪಿನ ತಾಯಂದಿರು ನೂರೈವತ್ತು ಎಲೆಯ ಅಡುಗೆಯನ್ನು ಲೀಲಾಜಾಲವಾಗಿ ಮಾಡಬಲ್ಲರು. ಅವರಿಗೆ ಅವಕಾಶವನ್ನೂ ಪೂರ್ತಿ ಕೂಲಿಯನ್ನೂ ಕೊಡೋಣ.

ಆರಂಭದಲ್ಲಿ ಹೇಳಿದ ತಂದೆಯ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಎರಡು ವಾರದ ನಂತರ ಅವರು ಮತ್ತೆ ಬಂದರು. ಅದೇ ಅಡುಗೆಯವರ ಬಳಿ ಹೋಗಿ, ಅವರು ಇನ್ನೊಂದು ಮದುವೆಯಲ್ಲಿ ಬೇಯಿಸುತ್ತಿದ್ದ ಕಡೆ ಬೆಳಗಿನ ಜಾವವೇ ನಿಂತು ನೋಡಿದ್ದರಂತೆ. ಕೆಲಸ ಚೊಕ್ಕಟವಾಗಿತ್ತು. “ನಿಮಗೆ ಎಷ್ಟು ಬಗೆ ಚೆನ್ನಾಗಿ ಮಾಡಲು ಆಗುತ್ತದೆ?” ಎಂದು ಕೇಳಿದಾಗ, “ಯಜಮಾನರೇ, ನಿಜ ಹೇಳಬೇಕೆಂದರೆ ಹನ್ನೊಂದು. ಉಳಿದದ್ದು ಪಟ್ಟಿಗೆ” ಎಂದರಂತೆ ಅವರು. ಹನ್ನೊಂದಕ್ಕೇ ಒಪ್ಪಂದವಾಯಿತು. ಉಳಿದ ಹಣದಲ್ಲಿ ಸಾಲದ ಒಂದು ಪಾಲು ಹಿಂದಿರುಗಿತು. ಮದುವೆಯ ದಿನ ನಾನೂ ಪ್ರಬೋಧನೆಯನ್ನು ಎಂಟು ನಿಮಿಷಕ್ಕೆ ಮುಗಿಸಿದೆ. ಒಂದು ಗಂಟೆಗೆ ಮೊದಲ ಪಂಕ್ತಿ ಕೂತಿತು. ಎಲ್ಲರ ಊಟವಾದ ಮೇಲೆ ಆ ತಂದೆಯೂ ಮದುಮಕ್ಕಳೂ ಒಲೆಯ ಬಳಿಗೆ ಹೋದರು. ಅಡುಗೆಯವರನ್ನೂ ಪಾತ್ರೆ ಉಜ್ಜುವವರನ್ನೂ ಸಾಲಾಗಿ ಕೂರಿಸಿ, ಎಲೆ ಹಾಕಿ, ಮದುಮಗಳೇ ಪಾಯಸ ಬಡಿಸಿದಳು.

ಜನ ಏನೆಂದರು? ಏನೂ ಅನ್ನಲಿಲ್ಲ. ಹೊಟ್ಟೆ ತುಂಬ ಉಂಡು, ಹರಸಿ, ಮನೆಗೆ ಹೋದರು. ಪ್ರಿಯ ಕುಟುಂಬಗಳೇ, ಮುಂದಿನ ಮದುವೆಗೆ ಅಡುಗೆಯವರನ್ನು ಹುಡುಕುವಾಗ ಎಲೆಗೆಷ್ಟು ಎಂದು ಕೇಳುವ ಮುನ್ನ ಒಲೆಯ ಬಳಿ ಒಂದು ಗಳಿಗೆ ನಿಲ್ಲಿ.